ಬಿಸಿಲನ್ನಷ್ಟೇ ಬಲ್ಲ ಪೆಟ್ಟಿಗೆ



ಬಾಕ್ಸ್ ಕ್ಯಾಮೆರಾ ಅಂದರೆ ಹಿರಿಯರಲ್ಲಿ ಕೆಲವರಿಗೆ ಜಾತ್ರೆ ನೆನಪಾಗಬಹುದು. ಮುಕ್ಕಾಲಿಯ ಮೇಲೆ ಮರದ ಪೆಟ್ಟಿಗೆ, ಅದರ ಹಿಂದೆ ಕರಿ ಬಟ್ಟೆ, ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋಗ್ರಾಫರ್, ಬಕೆಟ್ಟಿನ ನೀರಿನಲ್ಲಿ ತೊಳೆದು ಅಲ್ಲೇ ಕೈಗಿಡುತ್ತಿದ್ದ ಪಟ. ನಾನು ಇವತ್ತು ಹೇಳಹೊರಟಿರುವುದು ಅದರ ವಿಷಯವಲ್ಲ. ಅದು ಕಸುಬಿನವರ ಪೆಟ್ಟಿಗೆ. ನನ್ನ ಮಾತು ಮನೆಯವರ ಪೆಟ್ಟಿಗೆಯದು. ಒಳಗೆ ರೀಲು ಹಾಕಿ, ಹೊಟ್ಟೆಗೆ ಆನಿಸಿ ಹಿಡಿದು, ಒಂದು ಪುಟ್ಟ ಕಡ್ಡಿಯನ್ನು ಸರಿಸಿದರೆ ಚಿತ್ರ ಮೂಡಿಸುತ್ತಿದ್ದ ರಟ್ಟಿನ ಡಬ್ಬಿಯದು. ಕಲಿಯುವುದಕ್ಕೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ, ಕೆಡುವುದಕ್ಕೂ ಹೆಚ್ಚೇನೂ ಇರಲಿಲ್ಲ. ಹಾಗಿದ್ದೂ ಲಕ್ಷಾಂತರ ಮನೆಗಳ ಚರಿತ್ರೆಯನ್ನು ದಾಖಲು ಮಾಡಿಟ್ಟದ್ದು ಅದೇ. ಆ ಚರಿತ್ರೆಯಲ್ಲಿ ಏನು ಉಳಿಯಬೇಕು, ಏನು ಬಿಟ್ಟುಹೋಗಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದೂ ಅದೇ ಎಂಬುದು ನನ್ನ ನಂಬಿಕೆ.

ಕತೆ ಶುರುವಾಗುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಎಂಬ ಊರಿನಲ್ಲಿ. ಜಾರ್ಜ್ ಈಸ್ಟ್‌ಮನ್ ಅಲ್ಲಿ ಬ್ಯಾಂಕಿನ ಗುಮಾಸ್ತ. 1877ರಲ್ಲಿ ದೂರದ ಪ್ರವಾಸವೊಂದಕ್ಕೆ ಹೊರಡುವ ಯೋಚನೆ ಬಂದು ಆತ ಕ್ಯಾಮೆರಾ ಕೊಂಡ. ಆಗ ಚಿತ್ರ ಮೂಡುತ್ತಿದ್ದುದು ಗಾಜಿನ ಫಲಕದ ಮೇಲೆ. ಫಲಕಕ್ಕೆ ನಿಂತ ಜಾಗದಲ್ಲೇ ರಾಸಾಯನಿಕ ಬಳಿಯಬೇಕು, ಅದರ ಒದ್ದೆ ಆರುವುದರೊಳಗೆ ಚಿತ್ರ ತೆಗೆಯಬೇಕು, ತೆಗೆದ ಕೂಡಲೇ ತೊಳೆಯಬೇಕು. ಎಂದರೆ ಕ್ಯಾಮೆರಾದ ಜೊತೆಗೆ ಡೇರೆ, ಸೀಸೆಗಳು, ತಟ್ಟೆಗಳು, ನೀರು, ಗಾಜಿನ ಹೊರೆ ಎಲ್ಲವನ್ನೂ ಹೊತ್ತೊಯ್ಯಬೇಕು. ಪ್ರವಾಸವೇನೋ ನಿಂತುಹೋಯಿತು. ಆದರೆ ಈ ಹೊರೆಯನ್ನು ಇಳಿಸುವುದು ಹೇಗೆ ಎಂಬ ಯೋಚನೆ ಆತನನ್ನು ಬಿಡಲಿಲ್ಲ. ಹಗಲು ಬ್ಯಾಂಕಿನ ಕೆಲಸ, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ. ಈ ಅಡುಗೆಮನೆಯನ್ನು ನೆನಪಿನಲ್ಲಿಡಿ. ಆ ಮಾತಿಗೆ ಮುಂದೆ ಬರುತ್ತೇನೆ.

1888ರಲ್ಲಿ ಈಸ್ಟ್‌ಮನ್ ಕೊಡಕ್ ಎಂಬ ಹೆಸರಿನ ಕ್ಯಾಮೆರಾ ತಂದ. 100 ಚಿತ್ರಗಳಿಗಾಗುವ ರೀಲನ್ನು ಕಾರ್ಖಾನೆಯಲ್ಲೇ ತುಂಬಿ ಕೊಡುತ್ತಿದ್ದರು. ಅದು ಮುಗಿದ ಮೇಲೆ ಕ್ಯಾಮೆರಾವನ್ನೇ ಅಂಚೆಯಲ್ಲಿ ರಾಚೆಸ್ಟರಿಗೆ ಕಳಿಸಬೇಕು. ಅವರು ರೀಲು ತೊಳೆದು, ಪ್ರಿಂಟ್ ಹಾಕಿ, ಹೊಸ ರೀಲು ತುಂಬಿ ವಾಪಸು ಕಳಿಸುತ್ತಿದ್ದರು. ಏರ್ಪಾಡು ಒಳ್ಳೆಯದೇ. ಆದರೆ ಕ್ಯಾಮೆರಾದ ಬೆಲೆ 25 ಡಾಲರ್, ಒಂದು ಸಲ ತೊಳೆಸಿ ರೀಲು ತುಂಬಿಸುವುದಕ್ಕೆ 10 ಡಾಲರ್. ಕೂಲಿಯವರ ಮನೆಗೆ, ಸಣ್ಣ ಸಂಬಳದವರ ಮನೆಗೆ ಅದು ಬರುವ ಮಾತೇ ಇರಲಿಲ್ಲ.

ಆ ಮಾತು ಬಂದದ್ದು 1900ರ ಫೆಬ್ರವರಿಯಲ್ಲಿ. ಈಸ್ಟ್‌ಮನ್ನನಿಗೆ ಕ್ಯಾಮೆರಾ ಮಾಡಿಕೊಡುತ್ತಿದ್ದ ಫ್ರಾಂಕ್ ಬ್ರೌನೆಲ್ ಒಂದು ಅತಿ ಸರಳ ಪೆಟ್ಟಿಗೆಯನ್ನು ರೂಪಿಸಿದ. ದಪ್ಪ ರಟ್ಟಿನ ಡಬ್ಬಿ, ಮೇಲೆ ಚರ್ಮದಂತೆ ಕಾಣುವ ಕರಿ ಹೊದಿಕೆ, ಮುಂದೆ ಒಂದು ಮಸೂರ, ಪಕ್ಕದಲ್ಲಿ ರೀಲು ತಿರುಗಿಸುವ ಕೀಲಿ. ಬೆಲೆ ಒಂದು ಡಾಲರ್. ಆರು ಚಿತ್ರದ ರೀಲಿಗೆ 15 ಸೆಂಟ್. ಕೆನಡಾದ ಚಿತ್ರಗಾರ ಪಾಮರ್ ಕಾಕ್ಸ್ ಮಕ್ಕಳಿಗಾಗಿ ಬರೆಯುತ್ತಿದ್ದ ಬ್ರೌನಿ ಎಂಬ ಕುಳ್ಳ ಯಕ್ಷರು ಆಗ ಮನೆಮನೆಯ ಮಾತು. ಅವರ ಹೆಸರನ್ನೇ ಈ ಕ್ಯಾಮೆರಾಕ್ಕೂ ಇಟ್ಟರು, ಡಬ್ಬದ ಮೇಲೆ ಅವರ ಚಿತ್ರ ಅಚ್ಚು ಹಾಕಿಸಿದರು. ಶಾಲೆಗೆ ಹೋಗುವ ಹುಡುಗ ಹುಡುಗಿಯರೂ ಇದನ್ನು ಬಳಸಬಹುದು ಎಂಬುದೇ ಜಾಹೀರಾತಿನ ಮುಖ್ಯ ಮಾತು.

ಮೊದಲ ಬ್ರೌನಿಗೆ ನೋಡಲು ಕಿಂಡಿಯೂ ಇರಲಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲೆ ಎರಡು ಗೆರೆ ಎಳೆದಿದ್ದರು, ಆ ಗೆರೆಗಳ ನಡುವೆ ಬರುವುದೆಲ್ಲ ಚಿತ್ರದಲ್ಲಿ ಬರುತ್ತದೆ ಎಂದು ಅಂದಾಜು ಮಾಡಿಕೊಳ್ಳಬೇಕು. ಹಿಂದಿನ ಮುಚ್ಚಳ ಷೂ ಡಬ್ಬಿಯದರ ಹಾಗೆ ಸುಮ್ಮನೆ ಮೇಲೆ ಕೂರುತ್ತಿತ್ತು, ಕಳಚಿ ಬೀಳುತ್ತಿತ್ತು. ಕೆಲವೇ ತಿಂಗಳಲ್ಲಿ ಅದನ್ನು ಬದಲಾಯಿಸಿ ಕೀಲಿನ ಬಾಗಿಲು ಹಾಕಿದರು. ಹಾಗಿದ್ದೂ ಮೊದಲ ವರ್ಷವೇ 1,50,000ಕ್ಕೂ ಹೆಚ್ಚು ಬ್ರೌನಿಗಳು ಕಾರ್ಖಾನೆಯಿಂದ ಹೊರಬಿದ್ದವು.

ಇಲ್ಲಿ ಈಸ್ಟ್‌ಮನ್ನನನ್ನು ಪಕ್ಕಕ್ಕಿಟ್ಟು ಇಬ್ಬರ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಪೆಟ್ಟಿಗೆ ಎಷ್ಟು ಸರಳವಾದರೂ ಒಳಗೆ ಸುತ್ತಿಡಬಲ್ಲ ರೀಲು ಇಲ್ಲದಿದ್ದರೆ ಅದು ಖಾಲಿ ಡಬ್ಬಿಯೇ. ಗಾಜಿನ ಬದಲು ಬಳುಕುವ, ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಚಿತ್ರ ತೆಗೆಯಬಹುದು ಎಂದು ತೋರಿಸಿ 1887ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದವರು ಹನಿಬಲ್ ಗುಡ್‌ವಿನ್. ನೆವಾರ್ಕ್ ನಗರದ ಒಬ್ಬ ಪಾದ್ರಿ. ಚರ್ಚಿನ ಮಕ್ಕಳಿಗೆ ಬೈಬಲ್ ಕತೆಗಳನ್ನು ಚಿತ್ರ ತೋರಿಸಿ ಹೇಳಬೇಕೆಂಬ ಆಸೆಯಿಂದ ಈ ಕೆಲಸಕ್ಕೆ ಇಳಿದಿದ್ದರು. ಅರ್ಜಿ ಇತ್ಯರ್ಥವಾಗಿ ಪೇಟೆಂಟ್ ಕೈಗೆ ಬರುವಾಗ 1898. ಅಷ್ಟರಲ್ಲಿ ಈಸ್ಟ್‌ಮನ್ ಕಂಪನಿ ತನ್ನದೇ ಸೆಲ್ಯುಲಾಯ್ಡ್ ರೀಲನ್ನು ವರ್ಷಗಟ್ಟಲೆ ಮಾರಿ ಬೆಳೆದಿತ್ತು. ಗುಡ್‌ವಿನ್ 1900ರ ಕೊನೆಯಲ್ಲಿ, ಅಪಘಾತವೊಂದರ ಪೆಟ್ಟಿನಿಂದ ತೀರಿಕೊಂಡರು. ಅವರ ಹಕ್ಕನ್ನು ಕೊಂಡವರು ಮೊಕದ್ದಮೆ ಹೂಡಿ ಗೆದ್ದರು. 1914ರಲ್ಲಿ ಈಸ್ಟ್‌ಮನ್ ಕಂಪನಿ 50 ಲಕ್ಷ ಡಾಲರ್ ತೆತ್ತು ವ್ಯಾಜ್ಯ ಮುಗಿಸಿತು. ಕೋರ್ಟು ಪಾದ್ರಿಯ ಹಕ್ಕನ್ನು ಒಪ್ಪಿತು, ಆದರೆ ಅದನ್ನು ನೋಡಲು ಅವರು ಇರಲಿಲ್ಲ. ರೀಲಿನ ಚರಿತ್ರೆ ಹೇಳುವವರು ಗುಡ್‌ವಿನ್ ಹೆಸರನ್ನು ಮೊದಲ ಸಾಲಿನಲ್ಲೇ ಹೇಳಬೇಕು.

ಇನ್ನೊಬ್ಬರು ಬಾಸ್ಟನ್ನಿನ ಸ್ಯಾಮುಯೆಲ್ ಟರ್ನರ್. ರೀಲಿನ ಹಿಂದೆ ಕಪ್ಪು ಕಾಗದದ ಪಟ್ಟಿ ಅಂಟಿಸಿ, ಆ ಕಾಗದದ ಬೆನ್ನಿಗೆ ಒಂದು, ಎರಡು, ಮೂರು ಎಂದು ಅಂಕಿ ಅಚ್ಚು ಹಾಕಿ, ಕ್ಯಾಮೆರಾದ ಹಿಂಬದಿಯಲ್ಲಿ ಆ ಅಂಕಿ ಕಾಣುವಂತೆ ಒಂದು ಕೆಂಪು ಗಾಜಿನ ಕಿಂಡಿ ಇಟ್ಟದ್ದು ಅವರು. ಎಂಥ ಸಣ್ಣ ಉಪಾಯ! ಆದರೆ ಅದರಿಂದ ಕತ್ತಲೆ ಕೋಣೆಯ ಹಂಗು ಹೋಯಿತು. ಹಗಲಿನಲ್ಲೇ ರೀಲು ಹಾಕಬಹುದು, ಹಗಲಿನಲ್ಲೇ ತೆಗೆಯಬಹುದು. ಟರ್ನರ್ ಅವರ ಕಂಪನಿಯನ್ನು 1895ರಲ್ಲಿ ಈಸ್ಟ್‌ಮನ್ ಕೊಂಡುಕೊಂಡ. ಕಿಂಡಿ ಕೆಂಪಾಗಿರಲು ಕಾರಣವಿದೆ. ಆಗಿನ ರೀಲಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಆ ಕಾಲದ ಪಟಗಳಲ್ಲಿ ಮುತ್ತೈದೆಯರ ಹಣೆಯ ಕುಂಕುಮ ಅಚ್ಚ ಕಪ್ಪಾಗಿ, ಕೆಂಪು ಸೀರೆ ಇದ್ದಿಲಿನ ಬಣ್ಣಕ್ಕೆ ತಿರುಗಿ ಕಾಣುವುದೂ ಇದೇ ಕಾರಣಕ್ಕೆ.

ಈಗ ಪೆಟ್ಟಿಗೆಯನ್ನೇ ಹತ್ತಿರದಿಂದ ನೋಡೋಣ. ನನ್ನ ಮುಂದೆ ಮೇಜಿನ ಮೇಲೆ ಒಂದು ನಂಬರ್ 2 ಬ್ರೌನಿ ಇದೆ. ಮೊದಲ ಬ್ರೌನಿಗಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. 1901ರಲ್ಲಿ ಬಂದದ್ದು, ಎರಡು ಡಾಲರಿನದು. 120 ಎಂಬ ನಂಬರಿನ ರೀಲನ್ನು ಜಗತ್ತಿಗೆ ಮೊದಲು ತಂದದ್ದು ಈ ಕ್ಯಾಮೆರಾ. ಒಂದು ರೀಲಿಗೆ ಎಂಟು ಚಿತ್ರ, ಒಂದೊಂದೂ ಎರಡೂಕಾಲು ಇಂಚು ಅಗಲ, ಮೂರೂಕಾಲು ಇಂಚು ಉದ್ದ.

ಒಂದು ಗೇಣಿನೊಳಗಿನ ಡಬ್ಬಿ. ಮೇಲೆ ಚರ್ಮದ ಹಿಡಿ, ನೆತ್ತಿಯಲ್ಲೊಂದು ಪಕ್ಕದಲ್ಲೊಂದು ಸಣ್ಣ ಗಾಜಿನ ಕಿಂಡಿ. ಪಟ ಉದ್ದಕ್ಕೆ ಬೇಕಾದರೆ ನೆತ್ತಿಯ ಕಿಂಡಿ, ಅಡ್ಡಕ್ಕೆ ಬೇಕಾದರೆ ಡಬ್ಬಿಯನ್ನು ಮಗ್ಗುಲಾಗಿಸಿ ಇನ್ನೊಂದು. ಕಿಂಡಿಯೊಳಗೆ ಓರೆಯಾಗಿ ಕೂರಿಸಿದ ಕನ್ನಡಿಚೂರು ಇದೆ. ಅದರಲ್ಲಿ ಎದುರಿನ ಲೋಕ ಹೆಬ್ಬೆರಳಿನ ಉಗುರಿನಷ್ಟಾಗಿ ಕಾಣುತ್ತದೆ, ಎಡಬಲ ತಿರುಗಿ ಕಾಣುತ್ತದೆ. ಎದುರಿಗಿರುವವರು ಬಲಕ್ಕೆ ನಡೆದರೆ ಕಿಂಡಿಯಲ್ಲಿ ಎಡಕ್ಕೆ ನಡೆಯುತ್ತಾರೆ.

ರೀಲು ಹಾಕುವ ಕ್ರಮ ಹೀಗೆ. ನೆರಳಿನಲ್ಲಿ ಕೂತು ಕೀಲಿಯನ್ನು ಹೊರಕ್ಕೆಳೆದು, ಒಳಗಿನ ಚೌಕಟ್ಟನ್ನು ಹೊರತೆಗೆಯಬೇಕು. ತುಂಬಿದ ರೀಲನ್ನು ಒಂದು ಕಡೆ ಇಟ್ಟು, ಕಾಗದದ ತುದಿಯನ್ನು ಚೌಕಟ್ಟಿನ ಬೆನ್ನ ಮೇಲಿಂದ ಎಳೆದು ತಂದು, ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸಬೇಕು. ಒಂದೆರಡು ಸುತ್ತು ಬಿಗಿಯಾಗಿ ಸುತ್ತಿ, ಚೌಕಟ್ಟನ್ನು ಒಳಗೆ ತಳ್ಳಿ, ಬಾಗಿಲು ಮುಚ್ಚಿ, ಕೆಂಪು ಕಿಂಡಿಯಲ್ಲಿ ಒಂದನೇ ನಂಬರು ಬರುವವರೆಗೆ ಕೀಲಿ ತಿರುಗಿಸಬೇಕು. ಎಂಟೂ ಮುಗಿದ ಮೇಲೆ ಕಾಗದ ಪೂರ್ತಿ ಸುತ್ತಿಕೊಳ್ಳುವವರೆಗೆ ತಿರುಗಿಸಿ, ರೀಲು ಹೊರತೆಗೆದು, ತುದಿಯ ಅಂಟಿನ ಪಟ್ಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಬೇಕು. ಲಕೋಟೆ ಅಂಟಿಸುವವರಿಗೆಲ್ಲ ಬರುವ ಕೆಲಸ ಅದು.

ಶಟರ್ ಎಂದರೆ ತಗಡಿನ ಒಂದು ದುಂಡು ಬಿಲ್ಲೆ, ಅದರಲ್ಲೊಂದು ತೂತು, ಎಳೆಯಲು ಒಂದು ಸ್ಪ್ರಿಂಗು. ಪಕ್ಕದ ಕಡ್ಡಿಯನ್ನು ಕೆಳಕ್ಕೆ ಸರಿಸಿದರೆ ಬಿಲ್ಲೆ ತಿರುಗಿ ತೂತು ಮಸೂರದ ಎದುರಿನಿಂದ ಹಾದುಹೋಗುತ್ತದೆ. ಮುಂದಿನ ಚಿತ್ರಕ್ಕೆ ಅದೇ ಕಡ್ಡಿಯನ್ನು ಮೇಲಕ್ಕೆ ಸರಿಸಿದರಾಯಿತು. ಮೈಕಿನ ಹತ್ತಿರ ಹಿಡಿಯುತ್ತೇನೆ, ಕೇಳಿ. ಟಕ್. ಇನ್ನೊಂದು ಸಲ. ಟಕ್. ಸೆಕೆಂಡಿನ ನಲವತ್ತನೇ ಐವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು ಒಳಗೆ ಹೋಯಿತು. ನೂರು ವರ್ಷ ಹಳೆಯ ಸ್ಪ್ರಿಂಗು, ಒಂದು ಸಲವೂ ರಿಪೇರಿ ಕಂಡಿಲ್ಲ, ಇವತ್ತಿಗೂ ತನ್ನ ಕೆಲಸ ಮಾಡುತ್ತಿದೆ.

ಮಸೂರವೂ ಒಂದೇ ತುಣುಕು ಗಾಜು, ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ದೂರ ಹೊಂದಿಸಲು ತಿರುಪು ಇಲ್ಲ. ಅದಿಲ್ಲದೆ ಚಿತ್ರ ಸ್ಪಷ್ಟವಾಗುವುದು ಹೇಗೆ? ಬೆಳಕು ಒಳಬರುವ ರಂಧ್ರ ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಮೂಡುತ್ತದೆ. ಬ್ರೌನೆಲ್ ರಂಧ್ರವನ್ನು ಬೇಕೆಂದೇ ಕಿರಿದು ಮಾಡಿದ. ಸುಮಾರು ಎಂಟು ಅಡಿಯಿಂದ ದಿಗಂತದವರೆಗೆ ಎಲ್ಲವೂ ತಕ್ಕಮಟ್ಟಿಗೆ ಚೆನ್ನಾಗಿ ಬರುವಂತಾಯಿತು. ಹಿಂದೆ ನೆಗೆಟಿವ್ ದೊಡ್ಡದು, ಅದನ್ನು ಹಿಗ್ಗಿಸದೆ ಅದೇ ಅಳತೆಗೆ ಪ್ರಿಂಟ್ ಹಾಕುತ್ತಿದ್ದುದರಿಂದ ಮಸೂರದ ಕೊರತೆ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂಟಿ ಮಸೂರ ಚಿತ್ರವನ್ನು ಕೊಂಚ ಬಾಗಿದ ಮೈಯ ಮೇಲೆ ಮೂಡಿಸುತ್ತದೆ, ರೀಲು ಮಾತ್ರ ಚಪ್ಪಟೆ. ಹಾಗಾಗಿ ನಡುವಿನ ಮುಖ ಚುರುಕಾಗಿಯೂ ಮೂಲೆಗಳು ಮಸುಕಾಗಿಯೂ ಬರುತ್ತವೆ. ಜರ್ಮನಿಯ ಆಗ್ಫಾ ಕಂಪನಿಯವರು 1954ರ ಕ್ಲ್ಯಾಕ್ ಎಂಬ ಕ್ಯಾಮೆರಾದಲ್ಲಿ ರೀಲನ್ನೇ ಬಾಗಿಸಿ ಕೂರಿಸಿ ಇದಕ್ಕೆ ಪರಿಹಾರ ಕಂಡರು. ಮಸೂರಕ್ಕೆ ದುಡ್ಡು ಸುರಿಯದೆ ಇಂಥ ಉಪಾಯ ಹೂಡಿದವರನ್ನು ನಾನು ತುಂಬ ಗೌರವಿಸುತ್ತೇನೆ.

ಆಗ್ಫಾದವರ ಇನ್ನೊಂದು ಉಪಾಯ ಇದಕ್ಕಿಂತ ಸೊಗಸು. 1932ರಲ್ಲಿ, ಜರ್ಮನಿಯಲ್ಲಿ ಕೆಲಸವಿಲ್ಲದವರು ಬೀದಿ ತುಂಬಿದ್ದ ಹೊತ್ತಿನಲ್ಲಿ, ಅವರು ಒಂದು ಬಾಕ್ಸ್ ಕ್ಯಾಮೆರಾವನ್ನು ನಾಲ್ಕೇ ನಾಲ್ಕು ಮಾರ್ಕಿಗೆ ಕೊಡುವುದಾಗಿ ಸಾರಿದರು. ಒಂದು ಷರತ್ತು. ಆ ನಾಲ್ಕು ನಾಣ್ಯಗಳ ಮೇಲಿರುವ ಟಂಕಸಾಲೆಯ ಅಕ್ಷರಗಳನ್ನು ಸೇರಿಸಿದರೆ ಆಗ್ಫಾ ಎಂಬ ಹೆಸರು ಬರಬೇಕು. ಬರ್ಲಿನ್ನಿನ ನಾಣ್ಯ ಎರಡು, ಕಾರ್ಲ್ಸ್‌ರೂಹೆಯದು ಒಂದು, ಸ್ಟುಟ್‌ಗಾರ್ಟಿನದು ಒಂದು. ಇಡೀ ದೇಶ ಜೇಬಿನ ಚಿಲ್ಲರೆ ತಿರುವಿ ನೋಡಿತು. ಅದಕ್ಕೂ ಎರಡು ವರ್ಷ ಮೊದಲು, 1930ರಲ್ಲಿ, ಈಸ್ಟ್‌ಮನ್ ಕಂಪನಿ ತನ್ನ ಐವತ್ತನೇ ವರ್ಷದ ನೆನಪಿಗೆ ಆ ವರ್ಷ ಹನ್ನೆರಡು ತುಂಬುವ ಅಮೆರಿಕದ ಮಕ್ಕಳಿಗೆ ಸುಮಾರು ಐದು ಲಕ್ಷ ಬಾಕ್ಸ್ ಕ್ಯಾಮೆರಾಗಳನ್ನು ಪುಕ್ಕಟೆಯಾಗಿ ಹಂಚಿತ್ತು. ಕ್ಯಾಮೆರಾ ಕೈಗೆ ಬಂದರೆ ರೀಲು ಕೊಳ್ಳಲೇಬೇಕಲ್ಲ. ವ್ಯಾಪಾರದ ಲೆಕ್ಕ ಅದರಲ್ಲಿತ್ತು, ನಿಜ. ಆದರೂ ಹನ್ನೆರಡರ ಹುಡುಗಿಯ ಕೈಗೆ ಕ್ಯಾಮೆರಾ ಬಂತೆಂಬುದು ಅದಕ್ಕಿಂತ ದೊಡ್ಡ ನಿಜ.

ಅಂಥ ಕೈಗಳು ಏನು ಮಾಡಬಲ್ಲವು ಎಂಬುದಕ್ಕೆ ಒಂದು ನಿದರ್ಶನ. 1912ರ ಏಪ್ರಿಲ್. ಬರ್ನೀಸ್ ಪಾಮರ್ ಎಂಬ ಕೆನಡಾದ ಹದಿನೇಳರ ಹುಡುಗಿ ತಾಯಿಯ ಜೊತೆ ಕಾರ್ಪೇಥಿಯಾ ಎಂಬ ಹಡಗಿನಲ್ಲಿ ಹೊರಟಿದ್ದಳು. ಕೈಯಲ್ಲಿ ಬ್ರೌನಿ. ಮುಳುಗಿದ ಟೈಟಾನಿಕ್ ಹಡಗಿನಿಂದ ಬದುಕುಳಿದವರನ್ನು ಎತ್ತಿಕೊಂಡದ್ದು ಇದೇ ಕಾರ್ಪೇಥಿಯಾ. ಬೆಳಗಾದಾಗ ಬರ್ನೀಸ್ ನೀರ್ಗಲ್ಲಿನ ಗುಡ್ಡದ ಚಿತ್ರ ತೆಗೆದಳು, ಕಂಬಳಿ ಹೊದ್ದು ಡೆಕ್ಕಿನ ಮೇಲೆ ನಿಂತಿದ್ದ ಜನರ ಚಿತ್ರ ತೆಗೆದಳು. ನ್ಯೂಯಾರ್ಕಿಗೆ ಬಂದಿಳಿದಾಗ ಸುದ್ದಿಚಿತ್ರದ ಕಂಪನಿಯೊಂದು ಹತ್ತು ಡಾಲರ್ ಕೊಟ್ಟು ಆ ಚಿತ್ರಗಳ ಹಕ್ಕು ಪಡೆಯಿತು. ಅವುಗಳ ಬೆಲೆ ಎಷ್ಟೆಂದು ಆ ಹುಡುಗಿಗೆ ಹೇಳುವವರು ಯಾರೂ ಇರಲಿಲ್ಲ. 1986ರಲ್ಲಿ, ಇಳಿವಯಸ್ಸಿನಲ್ಲಿ, ಆಕೆ ಆ ಕ್ಯಾಮೆರಾವನ್ನೂ ಚಿತ್ರಗಳನ್ನೂ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟರು.

ಕಸುಬಿನ ದೊಡ್ಡವರಲ್ಲೂ ಈ ಪೆಟ್ಟಿಗೆಯಿಂದ ಮೊದಲ ಪಾಠ ಕಲಿತವರಿದ್ದಾರೆ. ಅಮೆರಿಕದ ಬೆಟ್ಟ ಕಣಿವೆಗಳ ಚಿತ್ರಗಳಿಂದ ಜಗತ್ಪ್ರಸಿದ್ಧರಾದ ಆನ್ಸೆಲ್ ಆ್ಯಡಮ್ಸ್ 1916ರಲ್ಲಿ, ಹದಿನಾಲ್ಕರ ಹುಡುಗನಾಗಿ, ಯೊಸೆಮಿಟಿ ಕಣಿವೆಯನ್ನು ಮೊದಲು ಕಂಡದ್ದು ಬ್ರೌನಿಯ ಮೂಲಕ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸನ್ ಅವರ ಮೊದಲ ಕ್ಯಾಮೆರಾವೂ ಬ್ರೌನಿಯೇ. ಪಿಕ್ಚರ್ ಪೋಸ್ಟ್ ಎಂಬ ಇಂಗ್ಲೆಂಡಿನ ವಾರಪತ್ರಿಕೆಯ ಛಾಯಾಗ್ರಾಹಕ ಬರ್ಟ್ ಹಾರ್ಡಿಯವರದು ಇನ್ನೊಂದು ಬಗೆ. ಒಳ್ಳೆಯ ಚಿತ್ರಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ ಎಂದು ಅವರು ಬರೆದರು, ಬರೆದದ್ದನ್ನು ತೋರಿಸಿಕೊಡಲು 1951ರಲ್ಲಿ ಒಂದು ಬಾಕ್ಸ್ ಬ್ರೌನಿ ಹಿಡಿದು ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೋದರು. ಕಟಾಂಜನದ ಮೇಲೆ ಕುಳಿತ ಇಬ್ಬರು ತರುಣಿಯರು, ಗಾಳಿಗೆ ಹಾರುವ ಲಂಗ, ಹಿಂದೆ ಸಮುದ್ರ. ಆ ಕಾಲದ ಇಂಗ್ಲೆಂಡಿನ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಅದೊಂದು. ಬೆಳಕು, ದೂರ, ಗಳಿಗೆ ಈ ಮೂರನ್ನು ಬಲ್ಲವರಿಗೆ ರಟ್ಟಿನ ಡಬ್ಬಿ ಸಾಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಇದೇ ವಂಶದ ಯಂತ್ರ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಸ್ವಾತಂತ್ರ್ಯದ ನಂತರ. ಆಗ್ಫಾ ಕ್ಲಿಕ್ ತ್ರೀ ಎಂದರೆ ಐವತ್ತು ದಾಟಿದ ಬಹಳ ಮಂದಿಗೆ ಕೂಡಲೇ ಗುರುತು ಸಿಗುತ್ತದೆ. ಬರೋಡಾದಲ್ಲಿ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಕರಿ ಪ್ಲಾಸ್ಟಿಕ್ಕಿನ ಕ್ಯಾಮೆರಾ. ಅದನ್ನು ಹೊಟ್ಟೆಗೆ ಆನಿಸುವ ಬದಲು ಕಣ್ಣಿಗೆ ಹಿಡಿಯುತ್ತಿದ್ದರು. ಅದೇ 120 ರೀಲು, ಹನ್ನೆರಡು ಚಚ್ಚೌಕದ ಚಿತ್ರ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಾರ್ಖಾನೆ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಮುಂದೆ ಇಂದು ಎಂಬ ಹೆಸರಿನಲ್ಲಿ ಕಪ್ಪು-ಬಿಳುಪಿನ ರೀಲು ಕೊಟ್ಟಿತು. ರೀಲು ಅಗ್ಗವಾಗಿರಲಿಲ್ಲ, ತೊಳೆಸುವುದು, ಪ್ರಿಂಟ್ ಹಾಕಿಸುವುದು ಮತ್ತೆ ಖರ್ಚು. ಹನ್ನೆರಡು ಚಿತ್ರದ ಒಂದು ರೀಲು ಎಷ್ಟೋ ಮನೆಗಳಲ್ಲಿ ಯುಗಾದಿಗೆ ಕ್ಯಾಮೆರಾ ಸೇರಿದರೆ ದೀಪಾವಳಿಗೆ ಹೊರಬರುತ್ತಿತ್ತು. ನಡುವೆ ಒಂದು ನಾಮಕರಣ, ಧರ್ಮಸ್ಥಳಕ್ಕೋ ಜೋಗಕ್ಕೋ ಒಂದು ಪ್ರವಾಸ, ಊರಿಗೆ ಬಂದ ಅತ್ತೆಯ ಮಕ್ಕಳು. ಒಂದೇ ರೀಲಿನಲ್ಲಿ ಒಂದು ಸಂಸಾರದ ಇಡೀ ವರ್ಷ.

ಈ ಪಟಗಳನ್ನು ನೋಡುವಾಗ ಯಂತ್ರದ ಷರತ್ತುಗಳನ್ನು ನೆನಪಿಟ್ಟುಕೊಂಡರೆ ಬೇರೆಯೇ ಸಂಗತಿಗಳು ಕಾಣತೊಡಗುತ್ತವೆ. ರಂಧ್ರ ಕಿರಿದು, ರೀಲು ಮಂದ, ಆದ್ದರಿಂದ ಬಿಸಿಲು ಬೇಕೇ ಬೇಕು. ಕ್ಯಾಮೆರಾ ಹಿಡಿದವರ ಬೆನ್ನಿಗೆ ಸೂರ್ಯ ಇರಬೇಕು ಎಂದು ಪ್ರತಿ ಡಬ್ಬದೊಳಗಿನ ಕಾಗದವೂ ಹೇಳುತ್ತಿತ್ತು. ಅದಕ್ಕೇ ನಮ್ಮ ಅಜ್ಜ, ದೊಡ್ಡಪ್ಪ, ಚಿಕ್ಕಮ್ಮಂದಿರೆಲ್ಲ ಆ ಪಟಗಳಲ್ಲಿ ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಅದನ್ನು ನೋಡಿ ಆ ಕಾಲದವರು ಗಂಟುಮೋರೆಯವರು ಎನ್ನುವುದು ಅನ್ಯಾಯ. ಅವರ ಮುಖಕ್ಕೆ ಬಿಸಿಲು ಹೊಡೆಯುತ್ತಿತ್ತು, ಅಷ್ಟೇ. ಎಂಟು ಹತ್ತು ಅಡಿ ದೂರ ನಿಲ್ಲಬೇಕಿದ್ದುದರಿಂದ ಮುಖಕ್ಕಿಂತ ಮೈ, ಮೈಗಿಂತ ಅಂಗಳ ಹೆಚ್ಚಾಗಿ ಬಂತು. ಪೆಟ್ಟಿಗೆಯನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ತೆಗೆದ ಚಿತ್ರಗಳಲ್ಲಿ ದೊಡ್ಡವರು ಕೊಂಚ ಎತ್ತರವಾಗಿ, ಮಕ್ಕಳು ಕಣ್ಣಿಗೆ ಕಣ್ಣು ಕೊಟ್ಟು ನಿಂತಂತೆ ಕಾಣುತ್ತಾರೆ. ಇನ್ನು ಚಿತ್ರದ ಬುಡದಲ್ಲಿ, ನಿಂತವರ ಕಾಲಿನತ್ತ ಚಾಚಿಕೊಂಡ ಒಂದು ನೆರಳು. ತಲೆ, ಹೆಗಲು, ಮಡಿಸಿದ ಮೊಣಕೈ. ಆ ಚಿತ್ರ ತೆಗೆದವರ ನೆರಳದು. ಸಂಜೆ ಬಿಸಿಲಿನಲ್ಲಿ ಸೆರಗಿನ ಅಂಚೂ ತಿಳಿಯುತ್ತದೆ. ಎಷ್ಟೋ ಆಲ್ಬಮ್ಮುಗಳಲ್ಲಿ, ಎಲ್ಲರ ಪಟವನ್ನೂ ತೆಗೆದ ತಾಯಿಯೋ ಸೋದರತ್ತೆಯೋ ಇರುವುದು ಆ ನೆರಳಿನ ರೂಪದಲ್ಲಿ ಮಾತ್ರ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಅಂಗಳವಿದೆ, ಜಗಲಿಯಿದೆ, ತಾರಸಿಯಿದೆ, ದೇವಸ್ಥಾನದ ಮೆಟ್ಟಿಲಿದೆ. ಅಡುಗೆಮನೆ ಇಲ್ಲ. ಹೊಗೆ ಹಿಡಿದ ಗೋಡೆ, ಒಲೆ, ಒರಳುಕಲ್ಲು, ಬಚ್ಚಲು, ಬಾಣಂತಿಯ ಕೋಣೆ, ಯಾವುದೂ ಇಲ್ಲ. ಹೆಂಗಸರು ತಮ್ಮ ಆಯುಷ್ಯದ ಬಹುಭಾಗ ಕಳೆದ ಜಾಗಕ್ಕೆ ಬೆಳಕು ಸಾಲದೆ ಈ ಪೆಟ್ಟಿಗೆ ಕಾಲಿಡಲಿಲ್ಲ. ಬ್ರೌನಿಯಲ್ಲಿ ಶಟರನ್ನು ತೆರೆದೇ ಇಡುವ ಒಂದು ತಗಡಿನ ಪಟ್ಟಿ ಇತ್ತು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕೂತವರು ಅಲುಗಾಡದೆ ಕೂತರೆ ಒಳಾಂಗಣದ ಚಿತ್ರವೂ ಬರುತ್ತಿತ್ತು. ಅಷ್ಟು ತಾಳ್ಮೆಗೆ, ಅಷ್ಟು ರೀಲು ಹಾಳುಮಾಡಲು ಧೈರ್ಯವಿದ್ದವರು ಕಡಿಮೆ. ಫ್ಲ್ಯಾಷ್ ಬಲ್ಬು ಬಂದಾಗ ಅದು ಒಂದು ಸಲ ಉರಿದರೆ ಮುಗಿಯಿತು, ಮದುವೆಗಲ್ಲದೆ ಯಾರೂ ಕೊಳ್ಳುತ್ತಿರಲಿಲ್ಲ. ಈಸ್ಟ್‌ಮನ್ನನ ಉದ್ಯಮ ಹುಟ್ಟಿದ್ದೇನೋ ತಾಯಿಯ ಅಡುಗೆಮನೆಯ ಪ್ರಯೋಗಗಳಿಂದ. ಆದರೆ ಅಡುಗೆಮನೆಯನ್ನು ನೋಡುವ ಶಕ್ತಿ ಅದರ ರೀಲಿಗೆ ಬಹುಕಾಲ ಬರಲಿಲ್ಲ. ನಮ್ಮ ಅಜ್ಜಿಯಂದಿರ ಬದುಕಿನ ಅರ್ಧ ಭಾಗಕ್ಕೆ ಪಟವಿಲ್ಲ. ಅದು ಇರುವುದು ಬಲ್ಲವರ ಬಾಯಿಮಾತಿನಲ್ಲಿ ಮಾತ್ರ.

ಆದರೂ ಈ ಪೆಟ್ಟಿಗೆಯ ಪರ ನಾನು ನಿಲ್ಲುತ್ತೇನೆ. ಸ್ಟುಡಿಯೋದಲ್ಲಿ ಪರದೆಯ ಮುಂದೆ ಕುರ್ಚಿ ಹಾಕಿ ಕೂರಿಸಿ, ಗದ್ದ ಎತ್ತಿ, ಅಲುಗಬೇಡಿ ಎಂದು ತೆಗೆದ ಪಟದಲ್ಲಿ ಮನೆಯವರು ಸ್ಟುಡಿಯೋದವರ ಕಣ್ಣಿಗೆ ಕಂಡಂತೆ ಬಂದರು. ಬಾಕ್ಸ್ ಕ್ಯಾಮೆರಾದಲ್ಲಿ ಮೊದಲ ಬಾರಿಗೆ ಅಣ್ಣ ತಂಗಿಯ ಕಣ್ಣಿಗೆ ಕಂಡಂತೆ, ಅಪ್ಪ ಮಗಳ ಕಣ್ಣಿಗೆ ಕಂಡಂತೆ ಬಂದರು. ಪಟ ತೆಗೆಯುವವರು ಬಟ್ಟೆಯೊಳಗೆ ಮುಖ ಮರೆಸಿಕೊಳ್ಳುತ್ತಿರಲಿಲ್ಲ. ತಲೆ ತಗ್ಗಿಸಿ ಕಿಂಡಿ ನೋಡಿ, ತಲೆ ಎತ್ತಿ ನಗುತ್ತಿದ್ದರು, ಎದುರಿದ್ದವರೂ ನಗುತ್ತಿದ್ದರು. ಆ ನಗೆ ಸ್ಟುಡಿಯೋದ ಪಟಗಳಲ್ಲಿ ಸಿಗುವುದು ಬಹಳ ಅಪರೂಪ.

ಈ ಮಾತುಗಳನ್ನು ಕೇಳುತ್ತಿರುವವರ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಅಂಥ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕಬೇಡಿ. ನಂಬರ್ 2 ಬ್ರೌನಿ, ಕ್ಲಿಕ್ ತ್ರೀ ಎರಡಕ್ಕೂ ಒಪ್ಪುವ 120 ರೀಲು ಇವತ್ತಿಗೂ ತಯಾರಾಗುತ್ತಿದೆ, ಹೊಸ ರೀಲು ಹಾಕಿ ಚಿತ್ರ ತೆಗೆಯಬಹುದು. ಈಗಿನ ರೀಲಿಗೆ ಕೆಂಪು ಬೆಳಕೂ ಕಾಣುತ್ತದೆ, ಹಾಗಾಗಿ ಹಿಂಬದಿಯ ಕಿಂಡಿಗೆ ಕಪ್ಪು ಟೇಪು ಅಂಟಿಸಿ, ರೀಲು ತಿರುಗಿಸುವಾಗ ಮಾತ್ರ ನೆರಳಿನಲ್ಲಿ ಬಿಚ್ಚಿ ನೋಡಿ. ಕೆಲವು ಕೊಡಕ್ ಪೆಟ್ಟಿಗೆಗಳು 620 ನಂಬರಿನವು. ಅವುಗಳ ಸ್ಪೂಲು ಸಣ್ಣದು, 120 ರೀಲು ನೇರವಾಗಿ ಒಳಗೆ ಕೂರುವುದಿಲ್ಲ. ಪೆಟ್ಟಿಗೆ ತೆರೆಯುವ ಮೊದಲು ಕೀಲಿ ತಿರುಗಿಸಿ ನೋಡಿ. ಬಿಗಿ ಅನ್ನಿಸಿದರೆ, ಕಿಂಡಿಯಲ್ಲಿ ಅಂಕಿ ಕಂಡರೆ, ಒಳಗೆ ಯಾರೋ ತೆಗೆದು ಮರೆತ ರೀಲು ಇದೆ ಎಂದು ಅರ್ಥ. ಆಗ ಬಾಗಿಲು ತೆಗೆಯಬೇಡಿ. ಕೋಣೆ ಕತ್ತಲೆ ಮಾಡಿಕೊಂಡು ಕೊನೆಯವರೆಗೆ ಸುತ್ತಿ, ರೀಲು ತೊಳೆಯುವುದನ್ನು ಬಲ್ಲವರ ಕೈಗೆ ಕೊಡಿ. ದಶಕಗಳ ನಂತರವೂ ಅಂಥ ರೀಲಿನಿಂದ ಮುಖಗಳು ಎದ್ದುಬಂದದ್ದುಂಟು.

ಪಟಗಳಿಗಿಂತ ನೆಗೆಟಿವ್ ಮುಖ್ಯ. ಸ್ಟುಡಿಯೋದ ಹಳದಿ ಕವರಿನೊಳಗೆ ಮಡಚಿಟ್ಟ ಪಟ್ಟಿಗಳನ್ನು ಕಸವೆಂದು ಎಸೆಯಬೇಡಿ. ತೇವವಿಲ್ಲದ ಜಾಗದಲ್ಲಿ, ಪ್ಲಾಸ್ಟಿಕ್ ಚೀಲದ ಬದಲು ಕಾಗದದ ಕವರಿನಲ್ಲಿ, ಒಂದೊಂದು ರೀಲನ್ನು ಒಂದೊಂದು ಕವರಿಗೆ ಹಾಕಿಡಿ. ಯಾವ ಚಿತ್ರದ ಮುಂದೆ ಯಾವುದು ಬಂತು ಎಂಬುದರಿಂದಲೇ ಎಷ್ಟೋ ಸಲ ಇಸವಿ ಗೊತ್ತುಮಾಡಬಹುದು. ಪಟದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ, ಬಾಲ್ ಪೆನ್ನು ಬೇಡ, ಅದರ ಗೀರು ಮುಂದಕ್ಕೆ ಉಬ್ಬಿ ಬರುತ್ತದೆ. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಭಾನುವಾರವೇ ಅವರ ಪಕ್ಕ ಕುಳಿತು ಕೇಳಿ. ಇವರು ಯಾರು, ಆಗ ನೀವು ಎಲ್ಲಿದ್ದಿರಿ, ಪಟ ತೆಗೆದವರು ಯಾರು, ಒಳಗೆ ಅಡುಗೆಮನೆಯಲ್ಲಿ ಆ ಹೊತ್ತು ಯಾರಿದ್ದರು. ಈ ಕೊನೆಯ ಪ್ರಶ್ನೆಯನ್ನು ತಪ್ಪದೆ ಕೇಳಿ, ಅದರ ಉತ್ತರವನ್ನೂ ಬರೆದಿಡಿ.